ಬೆಂದ ಕಾಳು

ಗುತ್ತೆವ್ವನ ಬಾಯಿಗೆ ಬೀಗ ಇರಲಿಲ್ಲ. ಅದು ಅವಳ ದೊಡ್ಡ ಗುಣ ಅನ್ನುವವರಿದ್ದರು, ದೊಡ್ಡ ರೋಗ ಅನ್ನುವವರೂ ಇದ್ದರು. ಎರಡೂ ಖರೆ. ಹಿರೇಕೆರೂರಿನ ಚರ್ಚಿನ ಹಿಂದೆ ಹಂಚು ಹೊದಿಸಿದ ಒಂದು ಉದ್ದನೆಯ ಕೋಣೆಯಿತ್ತು. ಗೋಧಿ ನುಚ್ಚು, ಹಾಲಿನ ಪುಡಿ, ಡಬ್ಬಿ ಎಣ್ಣೆ ಇವನ್ನೆಲ್ಲ ಅಲ್ಲಿಟ್ಟು, ಒಲೆ ಹೊತ್ತಿಸಲು ಗತಿಯಿಲ್ಲದ ಮನೆಗಳಿಗೆ ವಾರಕ್ಕೊಮ್ಮೆ ಅಳೆದು ಕೊಡುತ್ತಿದ್ದರು. ಫಾದರ್ ಅದನ್ನು ಪರಿಹಾರ ಕೇಂದ್ರ ಎನ್ನುತ್ತಿದ್ದರು, ಊರವರು ಚರ್ಚಿನ ಗೋಡಾನ ಎನ್ನುತ್ತಿದ್ದರು. ಅದರ ಬಾಗಿಲಲ್ಲಿ ಸೇರು ಹಿಡಿದು ಕೂರುವವಳು ಗುತ್ತೆವ್ವ. ಎಪ್ಪತ್ತಮೂರನೇ ಇಸವಿಯಿಂದ ಕೂತವಳು.

ಅವಳದು ಚಿಕ್ಕೇರೂರಿನ ದಾರಿಯಲ್ಲಿ ಬರುವ ಒಂದು ಹಳ್ಳಿ. ಹಳ್ಳಿ ಅಂದರೂ ಹಳ್ಳಿಯ ಒಳಗಲ್ಲ, ಹೊರಗಿನ ಕೇರಿ. ಮಳೆ ಕೈಕೊಟ್ಟ ವರ್ಷ ಹೊಟ್ಟೆಗಿಲ್ಲದೆ ಅವಳ ಹೆಣ್ಣು ಕೂಸು ಹೋಯಿತು. ಅದೇ ಬೇಸಿಗೆಯಲ್ಲಿ ಗಂಡ ನೀಲಪ್ಪ ಬಾವಿ ತೋಡುವಲ್ಲಿ ಮಣ್ಣು ಕುಸಿದು ಒಳಗೇ ಉಳಿದ. ಅಳುವುದಕ್ಕಾದರೂ ಮೈಯಲ್ಲಿ ತ್ರಾಣ ಬೇಕಲ್ಲ, ಅದೂ ಇರಲಿಲ್ಲ ಅವಳಿಗೆ. ಚರ್ಚಿನಲ್ಲಿ ಗೋಧಿ ಕೊಡುತ್ತಾರೆಂದು ಯಾರೋ ಹೇಳಿದ ಮೇಲೆ ನಡೆದು ಬಂದು ಸಾಲಿನಲ್ಲಿ ನಿಂತಳು. ಸಾಲು ಕರಗುವ ಹೊತ್ತಿಗೆ ಕಸಬರಿಗೆ ಹುಡುಕಿಕೊಂಡು ಅಂಗಳ ಗುಡಿಸಿಬಿಟ್ಟಿದ್ದಳು. ಪುಕ್ಕಟೆ ತಿಂದು ಅಭ್ಯಾಸವಿಲ್ಲದ ಜೀವ. ಫಾದರ್ ಮರುದಿನವೂ ಬರಲು ಹೇಳಿದರು. ಕಸ ಗುಡಿಸುತ್ತ ಗುಡಿಸುತ್ತ ಕೆಲವು ತಿಂಗಳಲ್ಲಿ ಸೇರು ಅವಳ ಕೈಗೆ ಬಂತು.

ಕೇರಿಯವರು ಚೇಷ್ಟೆ ಮಾಡದೆ ಬಿಟ್ಟಾರೆಯೇ?

"ಏನ ಗುತ್ತೆವ್ವ, ಯೇಸಪ್ಪನ ಕಡೆ ಆದೆಂತಲ್ಲ?"

"ಕಸಾ ಹೊಡ್ಯಾಕ ದೇವರು ಯಾಂವಾದ್ರ ಏನೋ ಯಪ್ಪಾ? ಕಸಾ ಎಲ್ಲಾ ಕಡೆ ಒಂದ ನಮೂನಿ ಇರತೈತಿ," ಎನ್ನುತ್ತಿದ್ದಳು. ಚರ್ಚಿನವರೂ ಅವಳ ಹಣೆಯ ಭಂಡಾರವನ್ನು ಒರೆಸು ಎಂದು ಹೇಳಲಿಲ್ಲ. ಅವಳೂ ದ್ಯಾಮವ್ವನ ವಾರ ಬಿಡಲಿಲ್ಲ.

ಸೇರು ಅಳೆಯುವಲ್ಲಿ ಮಾತ್ರ ಅವಳಿಗೂ ಸಿಸ್ಟರ್ ಲೂರ್ದಿನಾರಿಗೂ ದಿನಾ ಜಗಳ. ಸಿಸ್ಟರ್ ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಮಾತಾಡುವವರು. "ಸೇರನ್ನು ಮಟ್ಟಸವಾಗಿ ಅಳೆಯಬೇಕು ಗುತ್ತೆವ್ವ, ರಾಶಿ ಹಾಕಬಾರದು," ಎನ್ನುವರು. ಗುತ್ತೆವ್ವ ಹೂಂ ಎಂದು ತಲೆಯಾಡಿಸಿ, ಮೊದಲ ಸೇರನ್ನು "ಲಾಭ" ಎಂದು ಗೋಪುರದ ಹಾಗೆ ತುಂಬಿ ಸುರಿಯುವಳು. ಕಣದ ರಾಶಿಯ ಮುಂದೆ ಅಳೆಯಲು ಕೂತವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ ಎಂದ ಮೇಲೆ ಕೈ ಹಿಡಿದು ಅಳೆಯುವುದು ಹೇಗೆ? ಇದನ್ನು ಮಂಗಳೂರಿನವರಿಗೆ ತಿಳಿಸಿ ಹೇಳುವುದು ಅವಳಿಂದ ಆಗಲಿಲ್ಲ.

ಇನ್ನೊಂದು ಸಂಗತಿಯಿತ್ತು. ಆ ನುಚ್ಚನ್ನು ಬೇಯಿಸುವುದು ಮೊದಮೊದಲು ಯಾರಿಗೂ ಬರಲಿಲ್ಲ. ಜೋಳದ ನುಚ್ಚಿನಂತೆ ಹೊತ್ತುಗಟ್ಟಲೆ ಕುದಿಸಿ ಅಂಟು ಮಾಡಿಕೊಂಡು, ಇದೇನು ಗೋಡೆಗೆ ಬಳಿಯುವುದೋ ತಿನ್ನುವುದೋ ಎಂದು ಬೈಯುತ್ತ ಬರುತ್ತಿದ್ದರು. ಸಿಸ್ಟರ್ ಒಂದು ದಿನ ಗುತ್ತೆವ್ವನನ್ನು ಕೂರಿಸಿಕೊಂಡು ತಿಳಿಸಿದರು: ಇದು ಹಸಿ ಗೋಧಿಯಲ್ಲ, ಇದನ್ನು ಕಳಿಸುವ ಪರದೇಶದಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಕುದಿಸಿ, ಒಣಗಿಸಿ, ಒಡೆದು ಹಡಗಿಗೆ ತುಂಬಿದ್ದು. ಬಿಸಿನೀರು ಹಾಕಿ ಮುಚ್ಚಿಟ್ಟರೆ ಅರಳಿಕೊಳ್ಳುತ್ತದೆ, ಉರಿ ಬೇಕಾಗುವುದಿಲ್ಲ. ಗುತ್ತೆವ್ವನಿಗೆ ಖುಷಿಯಾದದ್ದು ಅಷ್ಟಿಷ್ಟಲ್ಲ. ಜೀವಮಾನದಲ್ಲಿ ಅವಳಿಗೆ ಗೊತ್ತಿದ್ದು ಬೇರೆಯವರಿಗೆ ಗೊತ್ತಿಲ್ಲದ್ದು ಅಂತ ಇದ್ದದ್ದು ಇದೊಂದೇ. ಉಡಿಗೆ ಸುರಿಯುತ್ತ ಪ್ರತಿಯೊಬ್ಬಳಿಗೂ ಹೇಳುತ್ತಿದ್ದಳು: "ಇದು ಬೆಂದ ಕಾಳು ಯವ್ವಾ. ಕಟಗಿ ಸುಟಗೋಬ್ಯಾಡ್ರಿ." ಅವರೂ ಕೇಳುತ್ತಿದ್ದರು. ಹಸಿದವರಿಗೆ ಬೆಂದದ್ದಾದರೇನು, ಬೇಯದ್ದಾದರೇನು.

ಹೀಗೆ ನಡೆಯುತ್ತಿದ್ದಾಗ ಎಪ್ಪತ್ತೆಂಟರ ಸುಮಾರಿಗೆ ಅವಳ ಹಳ್ಳಿಯ ಗೌಡರ ಮನೆ ಒಳಗಿಂದೊಳಗೇ ಕುಸಿಯಿತು. ಹೊರಗೆ ಯಾರಿಗೂ ಸಪ್ಪಳ ಕೇಳಿಸಲಿಲ್ಲ. ಮಹಾಲಿಂಗಪ್ಪಗೌಡರು ತೀರಿಕೊಂಡ ಮೇಲೆ ಅವರ ಹೆಂಡತಿ ಶಿವಬಸವ್ವ ಹೊಲವನ್ನೆಲ್ಲ ಲಾವಣಿಗೆ, ಎಂದರೆ ಗೇಣಿಗೆ, ಕೊಟ್ಟು, ಉಳುವವರು ತಂದು ಹಾಕಿದ ಪಾಲಿನಲ್ಲಿ ಮಗನನ್ನು ಬೆಳೆಸಿದ್ದಳು. ಉಳುವವನದೇ ಹೊಲ ಎಂದು ಕಾನೂನು ಬಂತು. ಹೊಲ ಉಳುವವರ ಹೆಸರಿಗಾಯಿತು, ಪಾಲು ನಿಂತಿತು. ಕಾನೂನು ತಪ್ಪು ಎಂದು ಯಾರು ಹೇಳುತ್ತಾರೆ? ತಲೆತಲಾಂತರ ಬೆವರು ಸುರಿಸಿದವರಿಗೆ ಮಣ್ಣು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಆ ಮನೆಯಲ್ಲಿ ಗೇಯ್ದು ಉಣ್ಣುವ ಕೈ ಒಂದೂ ಇರಲಿಲ್ಲ. ಮಗ ಪರಮೇಶ್ವರಪ್ಪ ಕಚೇರಿಗಳಿಗೆ ಅಲೆದಾಡಿ ಕಾಮಾಲೆ ಹಚ್ಚಿಕೊಂಡು ಬಂದು ಮಲಗಿದವನು ಏಳಲಿಲ್ಲ. ಅವನ ಹೆಂಡತಿ ಸರೋಜವ್ವ ಆಗ ಬಸುರಿ. ಗಂಡುಮಗು ಹುಟ್ಟಿತು, ಮಲ್ಲೇಶಿ ಎಂದು ಹೆಸರಿಟ್ಟರು. ದೊಡ್ಡ ಬಾಗಿಲು, ಕಂಬದ ಪಡಸಾಲೆ, ಎರಡು ಹೆಣ್ಣು, ಒಂದು ಕೂಸು. ತಿನ್ನಲು ಏನೂ ಇಲ್ಲ.

ಇದು ಓಣಿಗೆ ಗೊತ್ತಿರಲಿಲ್ಲ. ಶಿವಬಸವ್ವ ಗೊತ್ತಾಗಗೊಡಲಿಲ್ಲ. ದಿನಾ ಬೆಳಿಗ್ಗೆ ಒಲೆ ಹೊತ್ತಿಸಿ ಬರೀ ನೀರು ಕಾಯಿಸಿ ಬೆಳಕಿಂಡಿಯಿಂದ ಹೊಗೆ ಬಿಡುತ್ತಿದ್ದಳು. ಸವಣೂರಿನಿಂದ ಸರೋಜವ್ವನ ಅಣ್ಣ ಒಮ್ಮೆ ಬಂದಾಗ ಮನೆಯಲ್ಲಿದ್ದ ಕೊನೆಯ ಅಕ್ಕಿ ಮಾಡಿ, ಅದಕ್ಕೆ ತುಪ್ಪ ಕಡ ತಂದು ಬಡಿಸಿದಳು. ಅವನು ಡರ್ರನೆ ತೇಗಿ, ತಂಗಿ ಸುಖದಲ್ಲಿದ್ದಾಳೆಂದು ತಿಳಿದು ಹೋದ. ಗಂಡಸರ ತಿಳುವಳಿಕೆ ಊಟದ ತಾಟಿನಾಚೆ ಹೋಗುವುದು ಅಪರೂಪ.

ಗುತ್ತೆವ್ವನಿಗೆ ಗೊತ್ತಾದದ್ದು ಅಯ್ಯನವರಿಂದ. ಜೋಳಿಗೆ ಹಾಕಿಕೊಂಡು ಗಂಟೆ ಬಾರಿಸುತ್ತ ಭಿಕ್ಷೆಗೆ ಬರುವ ಅಯ್ಯನವರಿಗೆ ಗೌಡರ ಮನೆ ಬಾಗಿಲು ಎಂದೂ ಮುಚ್ಚಿದ್ದಿಲ್ಲ. ಈಗ ಗಂಟೆ ಓಣಿಯ ತುದಿಯಲ್ಲಿ ಕೇಳಿಸಿದರೆ ಸಾಕು, ಆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸಗಣಿ ಆಯುತ್ತ ಹೋಗುತ್ತಿದ್ದ ಗುತ್ತೆವ್ವ ಎರಡು ಸಲ ನೋಡಿದಳು. ಮೂರನೇ ಸಲ ಹಿತ್ತಲ ಕಡೆಗೆ ಹೋದಳು. ಬಿದ್ದ ಗೋಡೆಯ ಆಚೆ ಸರೋಜವ್ವ ಕುಕ್ಕರಗಾಲಲ್ಲಿ ಕೂತು ಗೋಳಿ ಸೊಪ್ಪು ಚಿವುಟುತ್ತಿದ್ದಳು. ಚಿವುಟಿದ್ದನ್ನು ಬುಟ್ಟಿಗೆ ಹಾಕದೆ ಬಾಯಿಗೆ ಹಾಕುತ್ತಿದ್ದಳು.

"ಸಣ್ಣವ್ವಾರ..."

ಸರೋಜವ್ವ ಬೆಚ್ಚಿ ಬಾಯಿ ಒರೆಸಿಕೊಂಡಳು. ಆಮೇಲೆ ಅಳು ಬಂತು. "ಕೂಸು ಚೀಪತೈತಿ ಗುತ್ತೆವ್ವ. ಹನಿ ಬರವಲ್ದು," ಎಂದಳು.

ಗೌಡರ ಮನೆಯ ಮೇಲೆ ಗುತ್ತೆವ್ವನಿಗೆ ಪ್ರೀತಿಯೇನೂ ಇರಲಿಲ್ಲ. ಸಣ್ಣವಳಿದ್ದಾಗ ಇದೇ ಹಿತ್ತಲಲ್ಲಿ ಉಡಿ ಒಡ್ಡಿ ನಿಂತಾಗ, ಶಿವಬಸವ್ವ ತಾಗಬಾರದೆಂದು ಎತ್ತರದಿಂದ ಜೋಳ ಸುರಿದು ಅರ್ಧ ಮಣ್ಣುಪಾಲು ಮಾಡಿದ್ದು ನೆನಪಿತ್ತು. ಆದರೆ ಕೂಸು ಕೂಸೇ. ಅದಕ್ಕೆ ಓಣಿಯೂ ಇಲ್ಲ, ಕೇರಿಯೂ ಇಲ್ಲ. ತನ್ನದು ಹೋಗುವಾಗ ಯಾವ ಗೋಡಾನವೂ ಇರಲಿಲ್ಲ, ಇದಕ್ಕೆ ಇದೆ. ಇದನ್ನು ಉಳಿಸಲೇಬೇಕು ಎಂದು ಅವಳು ಅಲ್ಲೇ, ಆ ಗೋಡೆಯ ಮುಂದೆ, ತನ್ನಷ್ಟಕ್ಕೆ ಆಣೆ ಹಾಕಿಕೊಂಡಳು.

ಸಿಸ್ಟರ್ ತಕರಾರು ಮಾಡಲಿಲ್ಲ. "ಅವರು ಸಾಲಿಗೆ ಬರಲಾರರು ಎಂದರೆ ನೀನೇ ಒಯ್ದು ಕೊಡು," ಎಂದರು. ಗುತ್ತೆವ್ವ ನುಚ್ಚಿನ ಚೀಲವನ್ನು ಕಟ್ಟಿಗೆ ಹೊರೆಯೊಳಗೆ ಅಡಗಿಸಿ ಹಿತ್ತಲ ಬಾಗಿಲಿಗೆ ತಂದಳು. ಶಿವಬಸವ್ವ ಹೊರಗೆ ಬಂದು ನಿಂತಳು. ಎಲುಬು ಎಣಿಸುವ ಹಾಗೆ ಆಗಿದ್ದರೂ ಹಣೆಯ ವಿಭೂತಿ ಅಳಿಸಿರಲಿಲ್ಲ, ಕೊರಳಿನ ಲಿಂಗದ ದಾರ ಬಿಳುಪಾಗಿತ್ತು. ಚೀಲ ನೋಡಿದಳು, ಗುತ್ತೆವ್ವನನ್ನು ನೋಡಿದಳು.

"ಎಲ್ಲಿದು?"

"ಗೋಡಾನದ್ದ್ರಿ ಅವ್ವಾರ."

"ಕಾಳೇನು?"

"ಗೋಧಿ ನುಚ್ಚ್ರಿ."

"ಹಸೀ ಕಾಳಿಗೆ ಮೈಲಿಗಿ ಇಲ್ಲ," ಎಂದು ಶಿವಬಸವ್ವ ತನಗೇ ಹೇಳಿಕೊಂಡ ಹಾಗೆ ಹೇಳಿ, ಮೊರ ತಂದು ಹೊಸ್ತಿಲ ಕಲ್ಲಿನ ಮೇಲಿಟ್ಟಳು. ಗುತ್ತೆವ್ವ ಮೊರಕ್ಕೆ ತಾಗದಂತೆ ಎತ್ತರದಿಂದ ಸುರಿದಳು. ಒಂದು ಕಾಳೂ ಚೆಲ್ಲಲಿಲ್ಲ. ಚೆಲ್ಲದಂತೆ ಸುರಿಯುವ ಧ್ಯಾನದಲ್ಲಿ, ಎಲ್ಲರಿಗೂ ಹೇಳುವ ಕಟ್ಟಿಗೆಯ ಮಾತು ಆ ಬಾಗಿಲಲ್ಲಿ ಅವಳಿಗೆ ನೆನಪಾಗಲಿಲ್ಲ. ಶಿವಬಸವ್ವ ಅದರ ಮೇಲೆ ಚಿಟಿಕೆ ವಿಭೂತಿ ಉದುರಿಸಿ, ಒಳಗಿನಿಂದ ಒಂದು ಮುದ್ದೆ ಹುಣಸೆಹಣ್ಣು ತಂದು ಕೆಳಗಿಟ್ಟಳು. "ಪುಕ್ಕಟ ತೊಗೊಳ್ಳಾಕ ನಾವು ಬೇಡೂ ಮಂದಿ ಅಲ್ಲ. ಮತ್ತ ಈ ಮಾತು ಓಣ್ಯಾಗ ಹೋಗಬಾರದು ನೋಡ," ಎಂದಳು. ಗುತ್ತೆವ್ವ ದ್ಯಾಮವ್ವನ ಆಣೆ ಮಾಡಿದಳು.

ಹಾಗೆ ಆ ಮಳೆಗಾಲ ಕಳೆಯಿತು. ವಾರ ವಾರ ನುಚ್ಚು ಹೋಗುವುದು, ವಾರ ವಾರ ಹುಣಸೆಹಣ್ಣೋ ನಾಲ್ಕು ಮೆಣಸಿನಕಾಯಿಯೋ ಬರುವುದು. ಶಿವಬಸವ್ವ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನು ಮೊದಲು ಅದಕ್ಕೆ ತೋರಿಸಿ, ಆಮೇಲೆ ಸೊಸೆಗೆ ಬಡಿಸಿ, ಉಳಿದದ್ದು ತಾನು ಉಣ್ಣುತ್ತಿದ್ದಳು. ಸರೋಜವ್ವನ ಮುಖಕ್ಕೆ ಬಣ್ಣ ಬಂತು. ಮಲ್ಲೇಶಿ ಗಲ್ಲ ತುಂಬಿಕೊಂಡಿತು. ಗುತ್ತೆವ್ವ ಬಂದರೆ ಸರೋಜವ್ವ ಕೂಸನ್ನು ಬಾಗಿಲಲ್ಲಿ ಎತ್ತಿ ತೋರಿಸುವಳು, ಗುತ್ತೆವ್ವ ಅಂಗಳದಲ್ಲಿ ನಿಂತು ಅಲ್ಲಿಂದಲೇ ದೃಷ್ಟಿ ತೆಗೆಯುವಳು. ಅದು ನಗಲು ಕಲಿತಾಗ ಮೊದಲು ನಕ್ಕದ್ದು ತನ್ನನ್ನು ನೋಡಿ ಎಂದು ಗೋಡಾನದ ಸಾಲಿಗೆಲ್ಲ ಸಾರಬೇಕೆಂದು ಅವಳ ನಾಲಿಗೆ ತುರಿಸುತ್ತಿತ್ತು. ಆಣೆ ಅಡ್ಡ ಬಂದು ಸುಮ್ಮನಾದಳು. ಅಷ್ಟು ಸಂತೋಷ ಅವಳಿಗೆ ಮದುವೆಯಾದಾಗಲೂ ಆಗಿರಲಿಲ್ಲ.

ಸುಮ್ಮನಿರಬೇಕಾದದ್ದು ಎಲ್ಲಿ ಎಂದು ಮನುಷ್ಯನಿಗೆ ಮೊದಲೇ ಗೊತ್ತಾಗುವಂತಿದ್ದರೆ ಈ ಲೋಕದಲ್ಲಿ ಅರ್ಧ ಕಣ್ಣೀರು ಉಳಿಯುತ್ತಿತ್ತು. ಚಳಿ ಶುರುವಾದ ಒಂದು ಬೆಳಿಗ್ಗೆ ಗುತ್ತೆವ್ವ ಹೋದಾಗ ಸರೋಜವ್ವ ಹಿತ್ತಲಲ್ಲಿ ಕೊಡಲಿ ಹಿಡಿದು ಚಕ್ಕಡಿಯ ಗಾಲಿ ಒಡೆಯುತ್ತಿದ್ದಳು. ಉರುವಲು ತೀರಿಹೋಗಿತ್ತು. ದನದ ಕೊಟ್ಟಿಗೆಯ ಗಳ, ಗೋದಲಿ, ಎಲ್ಲ ಒಲೆಗೆ ಹೋಗಿ ಈಗ ಗೌಡರ ಚಕ್ಕಡಿಯ ಸರದಿ. ಶಿವಬಸವ್ವ ಬಾಗಿಲಲ್ಲಿ ನಿಂತು, ಮುಖ ಆಚೆ ತಿರುಗಿಸಿಕೊಂಡು, ಗಂಡನ ಚಕ್ಕಡಿ ಮುರಿಯುವ ಸಪ್ಪಳ ಕೇಳುತ್ತಿದ್ದಳು.

ಗುತ್ತೆವ್ವನಿಗೆ ತಡೆದುಕೊಳ್ಳಲು ಆಗಲಿಲ್ಲ.

"ಅಯ್ಯ, ಚಕ್ಕಡಿ ಯಾಕ ಮುರೀತೀರಿ ಸಣ್ಣವ್ವಾರ? ಈ ನುಚ್ಚಿಗೆ ಅಷ್ಟ ಉರಿ ಬೇಕಾಗಂಗಿಲ್ರಿ. ಇದು ಮದಲ ಬೆಂದದ್ದೈತಿ. ಆ ದೇಶದಾಗ ದೊಡ್ಡ ದೊಡ್ಡ ಹಂಡೇದಾಗ ಕುದಿಸಿ, ಒಣಗಿಸಿ ಕಳಸ್ತಾರ. ಒಂದ ಕುದಿ ನೀರ ಹಾಕಿ ಮುಚ್ಚಿಟ್ರ ಸಾಕ್ರಿ, ತಾನ ಅರಳ್ತೈತಿ."

ಹೇಳಿ ನಕ್ಕಳು. ಒಳ್ಳೆಯ ಸುದ್ದಿ ಕೊಟ್ಟವರ ನಗು. ಸರೋಜವ್ವ ಕೊಡಲಿ ಇಳಿಸಿ ಅತ್ತೆಯ ಕಡೆ ನೋಡಿದಳು. ಶಿವಬಸವ್ವ ಮೆಲ್ಲಗೆ ಮುಖ ತಿರುಗಿಸಿದಳು.

"ಏನಂದಿ?"

"ಬೆಂದ ಕಾಳ್ರಿ ಇದು ಅವ್ವಾರ. ಕಟಗಿ ಉಳೀತಾವು ಅಂತ..."

"ಯಾರು ಕುದಿಸಿದ್ದು?"

ಗುತ್ತೆವ್ವನ ನಗು ಅರ್ಧದಲ್ಲೇ ನಿಂತಿತು. "ಆ ದೇಶದ ಮಂದೀರಿ."

"ಆ ಮಂದಿ ಏನ ತಿಂತಾರ?"

ಸುಳ್ಳು ಹೇಳಬೇಕಾದ ಕಡೆ ಸುಳ್ಳು ಬರಬೇಕು. ಅವಳಿಗೆ ಬರಲಿಲ್ಲ. "ಎಲ್ಲಾ ತಿಂತಾರಂತ್ರಿ," ಎಂದಳು.

ಶಿವಬಸವ್ವನ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಗಟ್ಟಿಯಾಗಿ ಹಿಡಿದುಕೊಂಡಳು. ಬೇರೆ ಯಾವಳಾದರೂ ಆಗಿದ್ದರೆ ಬೈಯುತ್ತಿದ್ದಳು, ಬೈಗುಳ ಗುತ್ತೆವ್ವನಿಗೆ ಹೊಸದಲ್ಲ. ಶಿವಬಸವ್ವ ಬೈಯಲಿಲ್ಲ. "ಇಷ್ಟ ತಿಂಗಳು ಇದಕ್ಕ ತೋರಿಸಿ ಉಂಡ್ನಲ್ಲೋ ಶಿವನ," ಎಂದಳು. ಅಷ್ಟು ಸಣ್ಣ ದನಿಯನ್ನು ಆ ಬಾಯಲ್ಲಿ ಯಾರೂ ಕೇಳಿರಲಿಲ್ಲ.

"ಖಲಂದರಸಾಬನ ಭಟ್ಟಿ ಚುರುಮುರಿ ತಿಂತೀರಲ್ರಿ ಅವ್ವಾರ," ಎಂದು ಗುತ್ತೆವ್ವ ಅಂಗಲಾಚಿದಳು. "ಅದೂ ಕುದಿಸಿ ಹುರದದ್ದ ಅಲ್ಲೇನ್ರಿ?"

"ಖಲಂದರನ ಭಟ್ಟಿ ನನ್ನ ಕಣ್ಣಮುಂದ ಐತಿ. ಅವನ ಕಡಾಯದಾಗ ಏನ ಬೀಳತೈತಿ ಅನ್ನೂದು ನನಗ ಗೊತ್ತೈತಿ. ನೀ ತಂದದ್ದು ಯಾರ ಗಡಿಗ್ಯಾಗ ಕುದ್ದು ಬಂದದ್ದು, ಅದರಾಗ ನಿನ್ನಿ ಏನ ಕುದ್ದಿತ್ತು, ಹೇಳ ನೋಡೂಣು."

ಹಡಗನ್ನೇ ನೋಡದವಳು ಹಂಡೆಯನ್ನು ನೋಡಿದ್ದಾಳೆಯೇ? ಶಿವಬಸವ್ವ ಒಳಗೆ ಹೋಗಿ, ಉಳಿದಿದ್ದ ನುಚ್ಚನ್ನು ಗಡಿಗೆಯ ಸಮೇತ ತಂದು ತಿಪ್ಪೆಯ ಮೇಲೆ ಬೋರಲು ಹಾಕಿದಳು. ಗಡಿಗೆ ಒಡೆಯಿತು. ಸರೋಜವ್ವ ತಿಪ್ಪೆಯ ಕಡೆ ನೋಡಿದ ನೋಟ ಗುತ್ತೆವ್ವನಿಗೆ ಮಾತ್ರ ಕಂಡಿತು. ಬಾಗಿಲು ಮುಚ್ಚಿತು.

ಗೋಡಾನಕ್ಕೆ ಓಡಿ ಬಂದು ಸಿಸ್ಟರ್ ಮುಂದೆ ಎಲ್ಲ ಹೇಳಿದಳು. ಸಿಸ್ಟರಿಗೆ ತಲೆಬುಡ ಹತ್ತಲಿಲ್ಲ. "ಬೇಯಿಸಿದ್ದು ಹೌದು. ಅದರಲ್ಲಿ ಕೆಟ್ಟದ್ದೇನಿದೆ? ಅದು ಗೋಧಿಯೇ ಅಲ್ಲವೇ?" ಎಂದರು. ಪಾಪ, ಒಳ್ಳೆಯ ಹೆಂಗಸು. ಕೂಸಿಗೆಂದು ಹಾಲಿನ ಪುಡಿ ಕಟ್ಟಿಕೊಟ್ಟರು. ಗುತ್ತೆವ್ವ ತನ್ನ ಪಾಲಿನ ನುಚ್ಚನ್ನು ಪೇಟೆಯಲ್ಲಿ ಅಂಗಡಿಯವನಿಗೆ ಕೊಟ್ಟು, ಬದಲಿಗೆ ಜೋಳ ಕೇಳಿದಳು. ಅವನು ನಕ್ಕು, ಅರ್ಧ ಸೇರು ಹಾಕಿದ. ಅದನ್ನೇ ಎದೆಗವಚಿಕೊಂಡು ಹಿತ್ತಲಿಗೆ ಹೋದಳು.

"ಜೋಳಾರಿ ಅವ್ವಾರ. ಇದು ನಮ್ಮ ಸೀಮಿದು. ಹಸೀದು. ಕಡದ ನೋಡ್ರಿ ಬೇಕಾದ್ರ."

ಮುಚ್ಚಿದ ಬಾಗಿಲ ಒಳಗಿನಿಂದ ಉತ್ತರ ಬಂತು. "ನಿನ್ನ ಕೈಯಾಗಿಂದು ಯಾವುದು ಹಸೀದು, ಯಾವುದು ಬೆಂದದ್ದು, ನಾ ಹೆಂಗ ತಿಳೀಬೇಕ ಗುತ್ತಿ? ಮದಲಿಂದೂ ಕಾಳ ಅಂತ ಹೇಳೇ ತಂದಿದ್ದಿ."

ಮೋಸ ಮಾಡಿಲ್ಲ ಎಂದು ಗುತ್ತೆವ್ವನಿಗೆ ಗೊತ್ತು. ಮೋಸ ಆಗಿಲ್ಲ ಎಂದು ಮುಚ್ಚಿದ ಬಾಗಿಲಿಗೆ ತಿಳಿಸುವುದು ಹೇಗೆಂದು ಗೊತ್ತಿರಲಿಲ್ಲ.

ಕೊನೆಗೆ ಆಣೆ ಮುರಿದಳು. ದ್ಯಾಮವ್ವ ಕಣ್ಣು ಕಿತ್ತರೆ ಕೀಳಲಿ ಎಂದುಕೊಂಡು, ಓಣಿಯ ಹಿರಿಯ ಕರಬಸಪ್ಪನ ಕಟ್ಟೆಯ ಕೆಳಗೆ ಹೋಗಿ ನಿಂತು ಗೌಡರ ಮನೆಯ ಹಸಿವನ್ನು ಹೇಳಿದಳು. ಕರಬಸಪ್ಪ ಕೆಟ್ಟವನಲ್ಲ. ಆದರೆ ಕೇರಿಯ ಹೆಣ್ಣು ಬಂದು ಗೌಡರ ಮನೆಯಲ್ಲಿ ಕಾಳಿಲ್ಲ ಎಂದರೆ ನಂಬುವುದು ಎಲ್ಲಿಂದ?

"ದಿನಾ ಮುಂಜಾನೆ ಅವರ ಮನಿ ಹೊಗಿ ನಿನ್ನ ಕಣ್ಣಿಗೆ ಕಾಣವಲ್ದೇನು?" ಎಂದ.

"ಅದು ಬರೇ ನೀರ ಕಾಸೂ ಹೊಗೀರಿ ಯಪ್ಪಾ."

"ನೀ ಅವರ ಅಡಗೀ ಮನಿಗೆ ಹೋಗಿ ನೋಡಿಯೇನು?"

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆದರೂ ಕರಬಸಪ್ಪ ಮನುಷ್ಯತ್ವ ಬಿಡದೆ ಮರುದಿನ ಗೌಡರ ಬಾಗಿಲಿಗೆ ಹೋಗಿ, "ಏನಾರ ಬೇಕಾದ್ರ ಹೇಳ್ರಿ ಅವ್ವಾರ," ಎಂದು ಕೇಳಿದ. ಶಿವಬಸವ್ವ ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ನಿಂತು, "ಶಿವ ಕೊಟ್ಟಾನ, ಏನೂ ಕಡಿಮಿಲ್ಲ. ಕುಂದರ್ರಿ, ಉಂಡು ಹೋಗೀರಂತ," ಎಂದಳು. ಉಂಡು ಹೋಗಿ ಎಂದ ಮನೆಯಲ್ಲಿ ಹಸಿವಿದೆ ಎಂದು ಯಾರು ತಿಳಿಯುತ್ತಾರೆ? ಅವನು ಕೈಮುಗಿದು ಹೊರಟುಹೋದ. ಗುತ್ತೆವ್ವನ ಬಾಯಿಬಡಕತನದ ಮೇಲೆ ಓಣಿ ಇನ್ನೂ ನಾಲ್ಕು ದಿನ ನಕ್ಕಿತು.

ಅಲ್ಲಿಗೆ ಅವಳಿಗೆ ಉಳಿದದ್ದು ಸರೋಜವ್ವ ಒಬ್ಬಳೇ. ಹಳ್ಳದ ದಾರಿಯಲ್ಲಿ ಕಾದು ನಿಂತು, ಅವಳು ಕೊಡ ಹೊತ್ತು ಬಂದಾಗ ಹಾಲಿನ ಪುಡಿಯ ಪೊಟ್ಟಣ ಮುಂದೆ ಹಿಡಿದಳು. ಸರೋಜವ್ವನ ಕಣ್ಣು ಗುಳಿಬಿದ್ದಿದ್ದವು. ಕೈ ಮುಂದೆ ಬಂತು. ಬಂದದ್ದು ಹಿಂದೆ ಸರಿಯಿತು.

"ಬ್ಯಾಡ ಗುತ್ತೆವ್ವ. ಮಗಾನ ತಲಿಮ್ಯಾಲ ಕೈ ಇಡಿಸಿ ಆಣಿ ತೊಗೊಂಡಾರ. ಗೋಡಾನದ್ದು ಮುಟ್ಟಿದ್ರ, ಅವಗ ಕುಡಿಸಿದ್ರ..."

"ಸಣ್ಣವ್ವಾರ, ಕೂಸು ಉಳೀಬೇಕಲ್ರಿ. ಆಣಿ ಏನ ಮಾಡತೈತ್ರಿ?"

"ಅವಗ ಏನಾರ ಆದ್ರ? ನಾ ಆಣಿ ಮುರಿದದ್ದಕ್ಕ ಆತು ಅಂತ ಆದ್ರ?" ಸರೋಜವ್ವ ಕೊಡವನ್ನು ಸೊಂಟಕ್ಕೆ ಸರಿಯಾಗಿ ಏರಿಸಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. ಸಿಟ್ಟು ಇರಲಿಲ್ಲ. "ನೀ ಹೇಳಬಾರದಿತ್ತು ಗುತ್ತೆವ್ವ. ನಾ ಚಕ್ಕಡಿ ಸುಡತಿದ್ದೆ. ಮನೀನ ಸುಡತಿದ್ದೆ," ಎಂದಳು.

ಶಿವಬಸವ್ವನನ್ನು ರಾಕ್ಷಸಿ ಎನ್ನುವುದು ಸುಲಭ. ಅವಳು ತಾನೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಸಿಕ್ಕ ಸೊಪ್ಪು ಕುದಿಸಿ ಅಷ್ಟನ್ನೂ ಸೊಸೆಗೆ ಬಡಿಸಿ, ತಾನು ತಪ್ಪಿಗೆ ಪ್ರಾಯಶ್ಚಿತ್ತವೆಂದು ಉಪವಾಸ ಬಿದ್ದಿದ್ದಳು. ಕೂಸಿಗೆ ಜೀರಿಗೆ ನೀರು, ಬೆಲ್ಲದ ನೀರು ಬಟ್ಟೆಯಲ್ಲಿ ಅದ್ದಿ ಹಿಂಡುತ್ತಿದ್ದಳು. ಮೊಮ್ಮಗನೆಂದರೆ ಅವಳಿಗೂ ಜೀವ. ಆದರೆ ಜೀವಕ್ಕಿಂತ ಮೇಲೆ ಒಂದಿದೆ ಎಂದು ಎಳವೆಯಲ್ಲೇ ಕಲಿಸಿಬಿಟ್ಟಿದ್ದರು. ಅದನ್ನು ಮರೆಯುವುದನ್ನು ಯಾರೂ ಕಲಿಸಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಬೇಕೆಂದು ಗುತ್ತೆವ್ವ ಎಷ್ಟೋ ಸಲ ಪ್ರಯತ್ನಿಸಿದಳು. ಸಿಟ್ಟು ತಿರುಗಿ ತನ್ನ ನಾಲಿಗೆಗೇ ಬಂದು ಬೀಳುತ್ತಿತ್ತು.

ಮಲ್ಲೇಶಿಗೆ ಭೇದಿ ಹಿಡಿಯಿತು. ಬತ್ತಿದ ಕೂಸಿಗೆ ಭೇದಿ ಎಂದರೆ ಎಷ್ಟು ಹೊತ್ತಿನ ಮಾತು. ಒಂದು ನಡುಮಧ್ಯಾಹ್ನ, ಓಣಿಯ ಗಂಡಸರು ಹೊಲದಿಂದ ಉಣ್ಣಲು ಬರುವ ಹೊತ್ತಿಗೆ, ಗೌಡರ ಮನೆಯಿಂದ ಅಳು ಎದ್ದಿತು. ಕೇರಿಯವರೆಗೂ ಕೇಳಿಸಿತು. ಗುತ್ತೆವ್ವ ಗುಡಿಸಲ ಮುಂದೆ ಕೂತಲ್ಲೇ ಕೂತಳು. ಕೂಸಿನ ಮುಖ ನೋಡಲು ಅವಳಿಗೆ ದಾರಿಯಿರಲಿಲ್ಲ. ಊರಾಚೆಯ ಗದ್ದುಗೆಯ ಹತ್ತಿರ ಮಣ್ಣು ಮಾಡಿ ಬಂದದ್ದನ್ನು ದೂರದಿಂದ ನೋಡಿದಳು.

ಗೋಡಾನ ಆಮೇಲೂ ನಡೆಯಿತು. ಎಂಬತ್ತರ ದಶಕದ ನಡುವೆ ಹಡಗಿನ ಗೋಧಿ ನಿಂತು, ಸಿಸ್ಟರ್ ಬೇರೆ ಊರಿಗೆ ಹೋಗಿ, ಆ ಕೋಣೆಗೆ ಬೀಗ ಬೀಳುವವರೆಗೂ ಗುತ್ತೆವ್ವ ಅಲ್ಲಿ ಸೇರು ಹಿಡಿದು ಕೂತಿದ್ದಳು. ಹೊಸದಾಗಿ ಬಂದವರು ಅವಳಿಗೆ ಮಾತು ಬರುವುದಿಲ್ಲವೆಂದೇ ತಿಳಿದಿದ್ದರು. ಹುಲಗೂರಿನ ಕಡೆ ಕೂಲಿಗೆ ಹೋದಲ್ಲಿ ಜ್ವರ ಬಂದು ತೀರಿಕೊಂಡಳಂತೆ. ಅವಳ ಬಗ್ಗೆ ಇನ್ನು ಹೇಳಲು ಹೆಚ್ಚೇನೂ ಇಲ್ಲ. ಇದ್ದಷ್ಟು ಬದುಕು ಕೂಸು ಹೋದ ಮೂರನೇ ದಿನವೇ ಮುಗಿದಿತ್ತು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ಬುತ್ತಿ ತರುತ್ತಾರೆ. ಗೌಡರ ಮನೆ ಎಂದ ಮೇಲೆ ಕೇಳಬೇಕೇ, ಒಬ್ಬರ ಮೇಲೊಬ್ಬರು ತಂದರು. ಜೋಳದ ರೊಟ್ಟಿ, ಕಾಳುಪಲ್ಯ, ಬದನೆಕಾಯಿ, ಅನ್ನ, ಮೊಸರು. ಕರಬಸಪ್ಪನ ಮನೆಯಿಂದ ಬೆಣ್ಣೆ ಬಂತು. ಎಲ್ಲ ಅವರದೇ ಜನರ ಒಲೆಯಲ್ಲಿ ಬೆಂದದ್ದು. ಮೈಲಿಗೆಯ ಮಾತೇ ಇಲ್ಲ. ಹೆಂಗಸರು ಸರೋಜವ್ವನ ಮಗ್ಗುಲಲ್ಲಿ ಕೂತು, ಅಳಬೇಡ ಎನ್ನುತ್ತ ತುತ್ತು ಮಾಡಿ ಬಾಯಿಗಿಟ್ಟರು. ಮೊದಲ ದಿನ ಅವಳು ಒಲ್ಲೆ ಎಂದಳು. ಎರಡನೇ ದಿನ ಹಸಿದ ಹೊಟ್ಟೆ ಕೇಳಲಿಲ್ಲ. ಉಂಡಳು.

ಮೂರನೇ ದಿನ ಸಂಜೆಗೆ ಮುಂಚೆ ಗುತ್ತೆವ್ವ ಹಿತ್ತಲ ಬಿದ್ದ ಗೋಡೆಯ ಹತ್ತಿರ ಹೋದಳು. ಯಾಕೆ ಹೋದಳೆಂದು ಅವಳಿಗೂ ಗೊತ್ತಿರಲಿಲ್ಲ. ಗೋಡೆಯ ಆಚೆ ಸರೋಜವ್ವ ಒಬ್ಬಳೇ ಕೂತಿದ್ದಳು. ಕುಪ್ಪಸ ಎದೆಯ ಮೇಲೆ ಒದ್ದೆಯಾಗಿತ್ತು. ಸೆರಗು ಸರಿಸಿ, ಎರಡೂ ಕೈಯಿಂದ ಎದೆ ಹಿಂಡಿ ಹಾಲನ್ನು ಮಣ್ಣಿಗೆ ಬಿಡುತ್ತಿದ್ದಳು. ನೋವಿಗೆ ತುಟಿ ಕಚ್ಚಿಕೊಂಡಿದ್ದಳು. ಮಣ್ಣು ಬೆಳ್ಳಗಾಗಿ, ನೋಡನೋಡುತ್ತ ಹೀರಿಕೊಳ್ಳುತ್ತಿತ್ತು.

ತಲೆಯೆತ್ತಿ ಗುತ್ತೆವ್ವನನ್ನು ನೋಡಿದಳು. ಮುಚ್ಚಿಕೊಳ್ಳಲಿಲ್ಲ.

"ಹೊಟ್ಟಿ ತುಂಬ ಉಂಡೆನಲ್ಲ," ಎಂದಳು. "ಈಗ ಬರಾಕತ್ತೈತಿ ನೋಡ ಗುತ್ತೆವ್ವ. ನಿಂದರವಲ್ದು."

ಗುತ್ತೆವ್ವ ಗೋಡೆಯ ಈಚೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಒಳಗಿನಿಂದ ಶಿವಬಸವ್ವನ ದನಿ ಕೇಳಿಸಿತು. "ಸರೋಜಾ, ಒಳಗ ಬಾರವಾ. ಬುತ್ತಿ ತಂದಾರ, ಆರಿ ಹೊಕ್ಕೈತಿ."

ಸರೋಜವ್ವ ಕೈಯನ್ನು ಸೀರೆಗೆ ಒರೆಸಿಕೊಂಡು, ಎದ್ದು, ಉಣ್ಣಲು ಒಳಗೆ ಹೋದಳು.